ಪರಿಸರ ಕಾನೂನು ತಡವಾದರೆ ದೇಶಕ್ಕೇ ದಂಡ ಬೀಳುತ್ತಾ?

ಪ್ರಶ್ನೆ: ಯುರೋಪಿಯನ್ ಒಕ್ಕೂಟದ ದೇಶಗಳೆಲ್ಲ ಸೇರಿ ಪರಿಸರ ಕಾನೂನು ಮಾಡಿಕೊಳ್ಳುತ್ತವೆ, ಗಡುವನ್ನೂ ಹಾಕಿಕೊಳ್ಳುತ್ತವೆ. ಆಮೇಲೆ ಒಂದು ದೇಶ ಅದನ್ನು ಸಮಯಕ್ಕೆ ಸರಿಯಾಗಿ ಜಾರಿ ಮಾಡದಿದ್ದರೆ ನಿಜಕ್ಕೂ ಏನಾದರೂ ಆಗುತ್ತಾ? ದಂಡ ಯಾರು ಹಾಕ್ತಾರೆ, ಯಾರು ಕಟ್ತಾರೆ?

ಉತ್ತರ: ಆಗುತ್ತದೆ. ಆದರೆ ನಮ್ಮ ಕೋರ್ಟು-ಕಚೇರಿ ಅಲೆದಾಟವೇ ವಾಸಿ ಅನ್ನಿಸುವಷ್ಟು ನಿಧಾನವಾಗಿ. ಕೇಸು ಹಾಕುವುದು ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಕಮಿಷನ್, ಅಂದರೆ ಒಕ್ಕೂಟದ ಆಡಳಿತ ಸಂಸ್ಥೆ. ದಂಡ ಹಾಕುವುದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯ. ಕಟ್ಟುವುದು ಆ ದೇಶದ ಬೊಕ್ಕಸ, ಅಂದರೆ ತೆರಿಗೆ ಕಟ್ಟುವ ಜನ.

ಒಕ್ಕೂಟದ ಪರಿಸರ ಕಾನೂನುಗಳಲ್ಲಿ ಬಹುಪಾಲು ‘ನಿರ್ದೇಶನ’ಗಳು. ನದಿ ಇಷ್ಟು ಶುದ್ಧವಾಗಿರಬೇಕು, ಕಸವನ್ನು ಹೀಗೆ ಸುರಿಯಬಾರದು ಎಂದು ಅವು ಗುರಿ ಹೇಳುತ್ತವೆ. ಅದನ್ನು ತನ್ನ ಕಾನೂನಾಗಿ ಬರೆದುಕೊಳ್ಳುವುದು ಆಯಾ ದೇಶದ ಕೆಲಸ. ಅದಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕೊಡುತ್ತಾರೆ. ಬರೆದುಕೊಂಡ ಮೇಲೆ ಕಮಿಷನ್‌ಗೆ ತಿಳಿಸಬೇಕು. ಹಾಗಾಗಿ ತಡ ಎರಡು ಥರ ಆಗುತ್ತದೆ. ಕಾನೂನನ್ನೇ ಬರೆಯದಿರುವುದು ಒಂದು. ಬರೆದಿಟ್ಟು, ನೆಲದ ಮೇಲೆ ಏನೂ ಮಾಡದಿರುವುದು ಇನ್ನೊಂದು. ಎರಡನೆಯದೇ ದೊಡ್ಡ ತಲೆನೋವು. ಐರ್ಲೆಂಡಿನ ಒಂದು ಕಥೆ ಹೇಳಿದರೆ ಅದು ಸರಿಯಾಗಿ ಅರ್ಥವಾಗುತ್ತದೆ.

ದೊಡ್ಡ ಯೋಜನೆಗೆ ಅನುಮತಿ ಕೊಡುವ ಮೊದಲೇ ಪರಿಸರದ ಮೇಲಿನ ಪರಿಣಾಮವನ್ನು ಅಧ್ಯಯನ ಮಾಡಬೇಕು ಎಂಬ ನಿರ್ದೇಶನ 1985ರಲ್ಲಿ ಬಂತು. ಜಾರಿಗೆ ಗಡುವು 1988ರ ಜುಲೈ 3. ಐರ್ಲೆಂಡ್ ನಿಯಮ ಮಾಡಿದ್ದು 1989ರಲ್ಲಿ. ಕಾಗದದ ಮೇಲೆ ಸ್ವಲ್ಪ ತಡ, ಅಷ್ಟೇ. ಇದಾಗಿ ಸುಮಾರು ಹತ್ತು ವರ್ಷಕ್ಕೆ, ಗಾಲ್ವೇ ಕೌಂಟಿಯ ಡೆರಿಬ್ರಿಯನ್ ಎಂಬಲ್ಲಿ ಬೆಟ್ಟದ ಮೇಲೆ 70 ಗಾಳಿಯಂತ್ರ ನಿಲ್ಲಿಸುವ ಯೋಜನೆಗೆ ಅನುಮತಿ ಸಿಕ್ಕಿತು. ಚಿತ್ರದುರ್ಗ, ಗದಗದ ಕಡೆ ನೋಡಿರುತ್ತೀರಲ್ಲ, ಅಂಥ ಯಂತ್ರಗಳೇ. ಆದರೆ ಆ ಬೆಟ್ಟದ ಮೈ ನಮ್ಮ ಕಲ್ಲುಗುಡ್ಡದಂತಲ್ಲ. ಅದು ಪೀಟ್. ಸಾವಿರಾರು ವರ್ಷ ಗಿಡಗಂಟಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ, ನೀರು ಹೀರಿಕೊಂಡ ಮೆತ್ತನೆಯ ಮಣ್ಣು. ಅದನ್ನು ಅಗೆದು, ಮರ ಕಡಿದು, ರಸ್ತೆ ಮಾಡಿದರೆ ಬೆಟ್ಟ ನಿಲ್ಲುತ್ತದೆಯೇ? ಈ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಲೇ ಇಲ್ಲ.

2003ರ ಅಕ್ಟೋಬರ್‌ನಲ್ಲಿ, ಕೆಲಸ ನಡೆಯುತ್ತಿರುವಾಗಲೇ ಬೆಟ್ಟ ಜಾರಿತು. ಸುಮಾರು 4.5 ಲಕ್ಷ ಘನ ಮೀಟರ್ ಪೀಟ್ ಕಿತ್ತುಕೊಂಡು ಬಂದು ಕೆಳಗಿನ ಹೊಳೆಗೆ ಇಳಿಯಿತು. ಹೊಳೆಯಲ್ಲಿ 50 ಸಾವಿರದಷ್ಟು ಮೀನು ಸತ್ತವು, ಅವು ಮೊಟ್ಟೆಯಿಡುವ ಜಾಗಗಳೂ ಹಾಳಾದವು. ಹಸಿರು ವಿದ್ಯುತ್ತಿಗಾಗಿ ಮಾಡಿದ ಯೋಜನೆ ಇದು!

ಕಮಿಷನ್ ಕೇಸು ಹಾಕಿತು. ಪದ್ಧತಿ ಹೀಗಿದೆ: ಮೊದಲು ಒಂದು ನೋಟಿಸು, ಉತ್ತರ ಕೊಡಲು ಸಾಮಾನ್ಯವಾಗಿ ಎರಡು ತಿಂಗಳು. ಉತ್ತರ ಒಪ್ಪಿಗೆಯಾಗದಿದ್ದರೆ ಕಾರಣ ಸಮೇತ ಇನ್ನೊಂದು ಪತ್ರ, ಮತ್ತೆ ಎರಡು ತಿಂಗಳು. ಅದಕ್ಕೂ ಬಗ್ಗದಿದ್ದರೆ ಕೋರ್ಟು. ಓದೋಕೆ ಚುರುಕಾಗಿಯೇ ಕಾಣುತ್ತದೆ, ಅಲ್ವಾ? ನಿಜದಲ್ಲಿ ಒಂದೊಂದು ಹಂತಕ್ಕೂ ವರ್ಷಗಳು ಹಿಡಿಯುತ್ತವೆ. ತೀರ್ಪು ಬಂದದ್ದು 2008ರ ಜುಲೈ 3ರಂದು. ಗಡುವು ಮುಗಿದು ಸರಿಯಾಗಿ 20 ವರ್ಷ, ಅದೇ ತಾರೀಕು.

ಆ ತೀರ್ಪು ಡೆರಿಬ್ರಿಯನ್ ಒಂದಕ್ಕೇ ನಿಲ್ಲಲಿಲ್ಲ. ಐರ್ಲೆಂಡಿನಲ್ಲಿ ಮೊದಲು ಕಟ್ಟಿ ಆಮೇಲೆ ಅನುಮತಿ ತೆಗೆದುಕೊಳ್ಳುವ ದಾರಿ ಇತ್ತು. ನಮ್ಮ ಅಕ್ರಮ-ಸಕ್ರಮ ಇದ್ದ ಹಾಗೆ. ಪರಿಸರ ಅಧ್ಯಯನ ಬೇಕಾದ ಯೋಜನೆಗಳಿಗೆ ಹೀಗೆ ಸಲೀಸಾಗಿ ಸಕ್ರಮ ಮಾಡಿಕೊಡುವಂತಿಲ್ಲ ಎಂದು ಕೋರ್ಟು ಹೇಳಿತು. ಅಧ್ಯಯನದ ಉದ್ದೇಶವೇ ಹಾನಿ ಆಗುವ ಮುಂಚೆ ತಡೆಯುವುದು ತಾನೇ. ಭಾರತದಲ್ಲೂ ಇದೇ ಜಗ್ಗಾಟ ನಡೆದಿದೆ. ಯೋಜನೆ ಶುರುವಾದ ಮೇಲೆ ಪರಿಸರ ಅನುಮತಿ ಕೊಡುವಂತಿಲ್ಲ ಎಂದು 2025ರ ಮೇ ತಿಂಗಳಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, ಅದೇ ನವೆಂಬರ್‌ನಲ್ಲಿ ಆ ತೀರ್ಪನ್ನು ವಾಪಸು ಪಡೆಯಿತು.

ಸರಿ, 2008ರ ತೀರ್ಪಿನಲ್ಲಿ ದಂಡ ಎಷ್ಟು? ಸೊನ್ನೆ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದೇ. ಮೊದಲ ತೀರ್ಪು ‘ನೀನು ತಪ್ಪು ಮಾಡಿದ್ದೀಯ’ ಎಂದಷ್ಟೇ ಹೇಳುತ್ತದೆ. ಆ ತೀರ್ಪನ್ನೂ ಪಾಲಿಸದಿದ್ದರೆ ಕಮಿಷನ್ ಎರಡನೇ ಸಲ ಕೋರ್ಟಿಗೆ ಹೋಗಬೇಕು. ದಂಡ ಬೀಳುವುದು ಆಗ. ಅಂದರೆ ಬೆಟ್ಟ ಜಾರಿಸಿದ್ದಕ್ಕಲ್ಲ, ಕೋರ್ಟಿನ ಮಾತು ಕೇಳದಿದ್ದಕ್ಕೆ ದಂಡ.

ಡೆರಿಬ್ರಿಯನ್‌ನಲ್ಲಿ ಆ ಎರಡನೇ ತೀರ್ಪು ಬರಲು ಇನ್ನೂ 11 ವರ್ಷ ಹಿಡಿಯಿತು. ಯಂತ್ರಗಳು ಅಷ್ಟೂ ಕಾಲ ತಿರುಗುತ್ತಲೇ ಇದ್ದವು. ಪರಿಸರ ಅಧ್ಯಯನ ಮಾಡಿಸು ಎಂದು ಕಂಪನಿಯನ್ನು ಬಲವಂತ ಮಾಡಲು ನಮಗೆ ಅಧಿಕಾರ ಇಲ್ಲ ಎಂಬುದು ಸರ್ಕಾರದ ವಾದ. ಆ ಕಂಪನಿ ಯಾರದ್ದು? ಸರ್ಕಾರವೇ ಹೆಚ್ಚಿನ ಪಾಲು ಹೊಂದಿರುವ ವಿದ್ಯುತ್ ಸಂಸ್ಥೆಯ ಅಂಗಸಂಸ್ಥೆ! ಕೋರ್ಟು ಆ ವಾದವನ್ನು ಒಪ್ಪಲಿಲ್ಲ. 2019ರ ನವೆಂಬರ್ 12ರಂದು 50 ಲಕ್ಷ ಯೂರೋ ಇಡಿಗಂಟು, ಜೊತೆಗೆ ಸರಿಪಡಿಸುವವರೆಗೆ ದಿನಕ್ಕೆ 15,000 ಯೂರೋ ದಂಡ ಹಾಕಿತು. ಆಗ ಎಲ್ಲರಿಗೂ ಕಾಲು ಬಂತು. ಆಮೇಲೆ ಕೇಳಿದ ಅನುಮತಿಯನ್ನು 2022ರ ಫೆಬ್ರವರಿಯಲ್ಲಿ ಐರ್ಲೆಂಡಿನ ಯೋಜನಾ ಮಂಡಳಿ ನಿರಾಕರಿಸಿತು, ಮುಂದಿನ ತಿಂಗಳೇ ಸಂಸ್ಥೆ ಯಂತ್ರಗಳನ್ನು ಕಳಚುವುದಾಗಿ ಹೇಳಿತು. ಅಷ್ಟರಲ್ಲಿ ದಂಡ 1.7 ಕೋಟಿ ಯೂರೋ ದಾಟಿತ್ತು. ಆ ದುಡ್ಡು ಹೊಳೆಗೂ ಹೋಗಲಿಲ್ಲ, ಊರಿಗೂ ಹೋಗಲಿಲ್ಲ. ಇಂಥ ದಂಡವೆಲ್ಲ ಒಕ್ಕೂಟದ ಬಜೆಟ್ಟಿಗೆ ಜಮೆ.

ದಿನದ ಲೆಕ್ಕದ ದಂಡ ಮೊದಲು ಬಿದ್ದದ್ದು ಗ್ರೀಸಿಗೆ. ಕ್ರೀಟ್ ದ್ವೀಪದ ಕುರುಪಿಟೋಸ್ ಎಂಬ ಕಣಿವೆಯಲ್ಲಿ, ಸಮುದ್ರದಿಂದ ಕೂಗಳತೆ ದೂರದಲ್ಲಿ, ಕಸ ಸುರಿಯುತ್ತಿದ್ದರು. 1992ರಲ್ಲಿ ಮೊದಲ ತೀರ್ಪು ಬಂತು. ಗ್ರೀಸ್ ಕೇಳಲಿಲ್ಲ. 2000ದ ಜುಲೈನಲ್ಲಿ ದಿನಕ್ಕೆ 20,000 ಯೂರೋ ಬಿತ್ತು. ಕಸದ ವಿಷಯದಲ್ಲೇ ಇಟಲಿಗೆ, ನೇಪಲ್ಸ್ ಇರುವ ಕಂಪಾನಿಯಾ ಪ್ರಾಂತ್ಯದ ಅವ್ಯವಸ್ಥೆಗಾಗಿ, 2015ರಲ್ಲಿ 2 ಕೋಟಿ ಯೂರೋ ಮತ್ತು ದಿನಕ್ಕೆ 1.2 ಲಕ್ಷ ಯೂರೋ. ಮೊತ್ತ ಒಂದೇ ಥರ ಇರುವುದಿಲ್ಲ. ತಪ್ಪು ಎಷ್ಟು ಗಂಭೀರ, ಎಷ್ಟು ಕಾಲದಿಂದ ನಡೆದಿದೆ, ದೇಶಕ್ಕೆ ಕಟ್ಟುವ ಶಕ್ತಿ ಎಷ್ಟು, ಈ ಮೂರನ್ನೂ ನೋಡುತ್ತಾರೆ. ಚುನಾವಣೆ ಇತ್ತು, ಸರ್ಕಾರ ಬಿತ್ತು, ಪ್ರಾಂತ್ಯದವರು ಒಪ್ಪಲಿಲ್ಲ ಎಂಬ ನೆಪಗಳು ಮಾತ್ರ ನಡೆಯುವುದಿಲ್ಲ. ಒಳಗಿನ ಜಗಳ ನಿಮ್ಮದು, ಗಡುವು ಎಲ್ಲರದ್ದು ಎಂಬುದು ಕೋರ್ಟಿನ ಹಳೆಯ ನಿಲುವು.

2009ರ ಕೊನೆಗೆ, ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ ಜಾರಿಯಾದಾಗ ಒಂದು ಹತ್ತಿರದ ದಾರಿ ತೆರೆಯಿತು. ಕಾನೂನು ಬರೆದುಕೊಂಡದ್ದನ್ನು ಗಡುವಿನೊಳಗೆ ತಿಳಿಸದಿದ್ದರೆ ಮೊದಲ ತೀರ್ಪಿನಲ್ಲೇ ದಂಡ ಹಾಕಬಹುದು. ಇದು ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದಕ್ಕೆ ಪರಿಸರದ ಹೊರಗಿನ ಒಂದು ಉದಾಹರಣೆ: ಪೊಲೀಸರು ಜನರ ಮಾಹಿತಿಯನ್ನು ಹೇಗೆ ಬಳಸಬೇಕು ಎಂಬ ನಿರ್ದೇಶನಕ್ಕೆ 2018ರ ಮೇ ಗಡುವಿತ್ತು. ಸ್ಪೇನ್ ಆ ಗಡುವು ಮೀರಿತು. 2021ರ ಫೆಬ್ರವರಿಗೆ 1.5 ಕೋಟಿ ಯೂರೋ ಬಿದ್ದೇಬಿಟ್ಟಿತು. ಡೆರಿಬ್ರಿಯನ್‌ಗೆ ಹೋಲಿಸಿದರೆ ಮಿಂಚಿನ ವೇಗ. ನನಗೆ ಸರಿ ಕಾಣದಿರುವುದು ಇಲ್ಲೇ. ಕಾಗದ ತಡವಾದರೆ ಬೇಗ ಶಿಕ್ಷೆ, ನೆಲದ ಮೇಲಿನ ಕೆಲಸ ತಡವಾದರೆ ಹತ್ತಾರು ವರ್ಷ ವಿನಾಯಿತಿ. ಹೀಗಿದ್ದರೆ ಸರ್ಕಾರಗಳು ಸಮಯಕ್ಕೆ ಸರಿಯಾಗಿ ಚೆಂದದ ಕಾನೂನು ಬರೆದಿಟ್ಟು, ಸುಮ್ನೆ ಕೂರುವುದನ್ನೇ ಕಲಿಯುತ್ತವೆ.

ಕೊನೆಯದಾಗಿ, ಸಾಮಾನ್ಯ ಜನ ಏನಾದರೂ ಮಾಡಬಹುದಾ? ಮಾಡಬಹುದು. ಕಮಿಷನ್‌ಗೆ ಊರೂರು ಸುತ್ತುವ ಪರಿಸರ ಇನ್‌ಸ್ಪೆಕ್ಟರ್‌ಗಳಿಲ್ಲ. ಎಷ್ಟೋ ಪ್ರಕರಣ ಶುರುವಾಗುವುದೇ ಜನರ ದೂರಿನಿಂದ. ಫಾರ್ಮ್ ತುಂಬಲು ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಅಲ್ಲಿನ ಪೌರತ್ವವೇ ಬೇಕೆಂದೇನೂ ಇಲ್ಲ, ಹಾಗಾಗಿ ಡಬ್ಲಿನ್‌ನಲ್ಲಿ ವೀಸಾ ಮೇಲೆ ಕೆಲಸ ಮಾಡುವ ನಮ್ಮವರೂ ಕೊಡಬಹುದು. ಆದರೆ ದೂರು ಬಂದದ್ದನ್ನೆಲ್ಲ ಕಮಿಷನ್ ಕೈಗೆತ್ತಿಕೊಳ್ಳಲೇಬೇಕು ಎಂದಿಲ್ಲ, ಪರಿಹಾರವನ್ನೂ ಅದು ಕೊಡಿಸುವುದಿಲ್ಲ. ಅದಕ್ಕೆ ಆ ದೇಶದ ಕೋರ್ಟಿಗೇ ಹೋಗಬೇಕು. ಅಲ್ಲಿ ಒಂದು ಅನುಕೂಲ ಇದೆ. ಗಡುವು ಮುಗಿದಿದ್ದು, ನಿರ್ದೇಶನದ ಮಾತು ಸ್ಪಷ್ಟವಾಗಿದ್ದರೆ, ಸರ್ಕಾರ ಕಾನೂನು ಬರೆಯದೇ ಇದ್ದರೂ ಆ ನಿರ್ದೇಶನವನ್ನೇ ಸರ್ಕಾರದ ಎದುರು ಹಿಡಿದು ವಾದಿಸಬಹುದು.