ಹೊಲ ಸಾವಯವವಾಯಿತು, ವ್ಯಾಪಾರ ಯಾಕೆ ಕುದುರಲಿಲ್ಲ?

ಹೊಸದುರ್ಗದ ಕಡೆ ಸಾವೆ ಎಂಬ ಸಿರಿಧಾನ್ಯ ಬೆಳೆಯುವ ಎಷ್ಟೋ ಜನ ಆ ಹೊಲಕ್ಕೆ ಗೊಬ್ಬರದ ಅಂಗಡಿಯಿಂದ ಏನನ್ನೂ ತರುವುದಿಲ್ಲ. ಒಂದಷ್ಟು ಕೊಟ್ಟಿಗೆ ಗೊಬ್ಬರ, ಅನುಕೂಲವಾದರೆ ಒಂದೆರಡು ರಾತ್ರಿ ಕುರಿ ಮಂದೆ ನಿಲ್ಲಿಸುವುದು, ಉಳಿದದ್ದು ಮಳೆಗೆ ಬಿಟ್ಟಿದ್ದು. ಆದರೂ ಆ ಸಾವೆ ಮಂಡಿಗೆ ಹೋದರೆ ಬರೀ ಸಾವೆ. ಪ್ರಮಾಣಪತ್ರ ಇರುವ ಇನ್ನೊಂದು ಹೊಲದ ಸಾವೆ ಮಾತ್ರ ಸಾವಯವ. ಬೆಂಗಳೂರಿನ ಅಂಗಡಿಯಲ್ಲಿ ಅದರ ರೇಟೇ ಬೇರೆ. ಸಾವಯವದಲ್ಲಿ ಲಾಭ ಇದೆಯಾ ಎಂದು ದಾವಣಗೆರೆ, ಚಿತ್ರದುರ್ಗದಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರು ನಿಂತಿರುವ ಜಾಗ ಬೇರೆ ಬೇರೆ, ಅಷ್ಟೇ.

ಹಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. 1960ರ ದಶಕದಲ್ಲಿ ಭದ್ರಾ ನೀರು ಬಂತು, ಅದರ ಹಿಂದೆಯೇ ಹೊಸ ಭತ್ತದ ತಳಿಗಳು ಮತ್ತು ಯೂರಿಯಾ ಬಂದವು. ದಾವಣಗೆರೆಗೆ ಮಿಲ್ಲುಗಳನ್ನು ಕೊಟ್ಟ ಹತ್ತಿ ಹಿಂದೆ ಸರಿದು ಮೆಕ್ಕೆಜೋಳ ಹೊಲ ತುಂಬಿತು. ಚಳ್ಳಕೆರೆ ಶೇಂಗಾ ನೆಚ್ಚಿಕೊಂಡಿತು. 2000ದ ನಂತರ ಶೂನ್ಯ ಬಂಡವಾಳ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಂದ ಜೀವಾಮೃತ ಎಂಬ ದ್ರವ ಗೊಬ್ಬರ ಹಳ್ಳಿಹಳ್ಳಿಗೆ ತಲುಪಿತು. ರೈತ ಸಂಘದವರು ಇದಕ್ಕೆ ಬಹಳ ಓಡಾಡಿದರು. 10 ಕೆಜಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು, 200 ಲೀಟರ್ ನೀರು. ಡ್ರಮ್ಮಿನಲ್ಲಿ ಕಲಸುವುದನ್ನು ಒಮ್ಮೆ ನೋಡಿದವರಿಗೆ ಸಾಕು, ಕಲಿತುಬಿಟ್ಟರು.

ಅಂದರೆ ಬೆಳೆಯುವುದು ಇಲ್ಲಿ ಎಂದೂ ದೊಡ್ಡ ಸಮಸ್ಯೆ ಆಗಿರಲಿಲ್ಲ. ತೊಡಕು ಶುರುವಾದದ್ದು ಕಾಗದದಿಂದ.

ರಫ್ತನ್ನು ಮುಂದಿಟ್ಟುಕೊಂಡು 2001ರಲ್ಲಿ ಕೇಂದ್ರ ಸರ್ಕಾರ ಎನ್‌ಪಿಒಪಿ ಎಂಬ ಪ್ರಮಾಣೀಕರಣ ವ್ಯವಸ್ಥೆ ತಂದಿತು. 2004ರಲ್ಲಿ ಕರ್ನಾಟಕ ತನ್ನದೇ ಸಾವಯವ ಕೃಷಿ ನೀತಿ ಮಾಡಿತು. 2013-14ರಲ್ಲಿ ಬಂದ ‘ಸಾವಯವ ಭಾಗ್ಯ’ ಯೋಜನೆ ಹೋಬಳಿ ಮಟ್ಟದಲ್ಲಿ ರೈತರನ್ನು ಗುಂಪು ಕಟ್ಟಿತು. ಆಮೇಲೆ ಈ ಗುಂಪುಗಳ ಮಾಲು ಮಾರಲೆಂದು ರಾಜ್ಯದಲ್ಲಿ 14 ಪ್ರಾಂತೀಯ ಒಕ್ಕೂಟಗಳು ಹುಟ್ಟಿದವು. ನನಗೆ ಈ ಕಾಲಘಟ್ಟವೇ ಮುಖ್ಯ. ಸಾವಯವವನ್ನು ಬರೀ ಆದರ್ಶ ಎಂದು ನೋಡದೆ ವ್ಯಾಪಾರ ಮಾಡಬಹುದು ಎಂದು ಇಲ್ಲಿಯ ರೈತರು ನಂಬಿದ್ದು ಆಗಲೇ.

ನಂಬಿಕೆಯ ಮೊದಲ ಪರೀಕ್ಷೆ ಪರಿವರ್ತನೆ ಅವಧಿ. ಭತ್ತ, ರಾಗಿ, ಸಾವೆಯಂಥ ವಾರ್ಷಿಕ ಬೆಳೆಗೆ ಎರಡು ವರ್ಷ. ಅಡಿಕೆ, ತೆಂಗಿನಂಥ ಬಹುವಾರ್ಷಿಕಕ್ಕೆ ಮೂರು ವರ್ಷ. ಅಷ್ಟು ದಿನ ರಾಸಾಯನಿಕ ಮುಟ್ಟುವ ಹಾಗಿಲ್ಲ, ಸಾವಯವ ಎಂದು ಮಾರುವ ಹಾಗೂ ಇಲ್ಲ. ಯೂರಿಯಾ ಉಂಡು ಬೆಳೆದ ಭೂಮಿಯಲ್ಲಿ ಇಳುವರಿ ಇಳಿಯುವುದೂ ಇದೇ ವರ್ಷಗಳಲ್ಲಿ. ಕಳೆನಾಶಕ ಬಿಟ್ಟ ಮೇಲೆ ಕಳೆ ತೆಗೆಸುವ ಕೂಲಿ ಏರುತ್ತದೆ. ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ “ಖರ್ಚೇ ಇಲ್ಲ” ಎನ್ನುವವರ ಮಾತು ಕೇಳಿ ಇಳಿದವರಿಗೆ ಇಲ್ಲೇ ಪೆಟ್ಟು ಬಿತ್ತು.

ಈ ಅವಧಿ ದಾಟಿಸಲೆಂದು 2015ರಲ್ಲಿ ಪರಂಪರಾಗತ ಕೃಷಿ ವಿಕಾಸ ಯೋಜನೆ ಬಂತು. ಆಗ ಮೂರು ವರ್ಷಕ್ಕೆ ಹೆಕ್ಟೇರಿಗೆ 50,000 ರೂಪಾಯಿ ಇತ್ತು. ಅದರಲ್ಲಿ ಗೊಬ್ಬರ, ಬೀಜದಂಥ ಪರಿಕರಗಳ ಪಾಲು 31,000 ಎಂದು ಆಮೇಲೆ ನಿಗದಿಯಾಯಿತು. ಎಕರೆ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆ. ಮೌಲ್ಯವರ್ಧನೆ ಮತ್ತು ಮಾರಾಟಕ್ಕೆಂದು ಇಟ್ಟದ್ದು 8,800. ರೈತನಿಗೆ ಬೆಳೆಯಲು ಬರುತ್ತಿತ್ತು, ಮಾರುವ ದಾರಿ ಬೇಕಿತ್ತು. ಹಣ ಜಾಸ್ತಿ ಹೋದದ್ದು ಬೆಳೆಯುವ ಕಡೆಗೇ.

ಕಾಗದದಲ್ಲೂ ಎರಡು ದಾರಿ. ಪಿಜಿಎಸ್ ಎಂಬುದರಲ್ಲಿ ಅಕ್ಕಪಕ್ಕದ ರೈತರೇ ಗುಂಪು ಮಾಡಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಒಪ್ಪುತ್ತಾರೆ. ಖರ್ಚು ಕಡಿಮೆ, ಆದರೆ ರಫ್ತಿಗೆ ನಡೆಯುವುದಿಲ್ಲ. ಎನ್‌ಪಿಒಪಿಯಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡಬೇಕು. ನಮ್ಮಲ್ಲಿ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕೆಲಸ ಮಾಡುತ್ತದೆ. ಒಬ್ಬನೇ ಮಾಡಿಸಿದರೆ ದುಬಾರಿ, ಹಾಗಾಗಿ ಸಣ್ಣ ರೈತರು ಗುಂಪಿನಲ್ಲಿ ಸೇರುತ್ತಾರೆ. ಆಗ ಪ್ರಮಾಣಪತ್ರ ಗುಂಪಿನ ಹೆಸರಿಗೆ. ಸದಸ್ಯನೊಬ್ಬ ಅದನ್ನು ತೋರಿಸಿ ತನ್ನ ಮಾಲನ್ನು ಬೇರೆಯವರಿಗೆ ಮಾರಲು ಆಗುವುದಿಲ್ಲ. ಸೇರುವಾಗ ಇದು ಎಷ್ಟು ಜನರಿಗೆ ಗೊತ್ತಿತ್ತು? ಎರಡು ಮೂರು ವರ್ಷ ಕಾದು, ಕೊನೆಗೆ ಗುಂಪು ಹೇಳಿದ ರೇಟಿಗೆ ಕೊಡಬೇಕಾಗಿ ಬಂದರೆ ಅದನ್ನು ವ್ಯಾಪಾರ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಭದ್ರಾ ಅಚ್ಚುಕಟ್ಟಿನ ಕಷ್ಟವೇ ಬೇರೆ. ಅಲ್ಲಿ ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ. ಮೇಲಿನ ಗದ್ದೆಯವರು ಹಾಕಿದ್ದು ಕೆಳಗಿನ ಗದ್ದೆಗೆ ಇಳಿಯುತ್ತದೆ. ನಡುವೆ ಜಾಗ ಬಿಡಬೇಕು, ನೀರು ತಿರುಗಿಸಬೇಕು. ಒಂದೂವರೆ ಎಕರೆ ಗದ್ದೆಯವರು ಎಷ್ಟು ಅಂತ ಬಿಡುತ್ತಾರೆ? ಜಗಳೂರು, ಹೊಸದುರ್ಗದ ಮಳೆಯಾಶ್ರಿತ ಹೊಲಗಳಿಗೆ ಈ ತಾಪತ್ರಯ ಕಡಿಮೆ.

ಮಳೆಯಾಶ್ರಿತ ಹೊಲಗಳಿಗೆ ಅದೃಷ್ಟ ತಿರುಗಿದಂತೆ ಕಂಡದ್ದು ಸಿರಿಧಾನ್ಯದ ಕಾಲದಲ್ಲಿ. 2017ರಿಂದ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳಗಳು ನಡೆದವು. ‘ರೈತ ಸಿರಿ’ ಯೋಜನೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿತು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಬೇಡಿಕೆ ನಿಜಕ್ಕೂ ಬಂತು. ಆದರೆ ಸಾವೆಯನ್ನು ಹಾಗೇ ಬೇಯಿಸಲು ಆಗುವುದಿಲ್ಲ. ಕಲ್ಲು, ಧೂಳು ತೆಗೆದು, ಹೊಟ್ಟು ಬಿಡಿಸಿ ಅಕ್ಕಿ ಮಾಡಬೇಕು. ಕಾಳು ಸಣ್ಣದು, ಭತ್ತದ ಗಿರಣಿಯಲ್ಲಿ ನಡೆಯುವುದಿಲ್ಲ. ಅದಕ್ಕೆ ಬೇಕಾದ ಮಿಲ್ಲುಗಳು ಇಲ್ಲಿ ಕಡಿಮೆ ಇದ್ದುದರಿಂದ ನಮ್ಮ ಸಿರಿಧಾನ್ಯ ಮಹಾರಾಷ್ಟ್ರದ ನಾಸಿಕ್‌ವರೆಗೆ ಹೋಗುತ್ತಿತ್ತು. ಅಕ್ಕಿಯಾದ ಮೇಲೆ ಬಹಳ ದಿನ ಇಡುವಂತಿಲ್ಲ, ತೌಡಿನ ಎಣ್ಣೆ ಅಂಶದಿಂದ ಮುಗ್ಗಲು ವಾಸನೆ ಬರುತ್ತದೆ. ಮಿಲ್ಲು ಊರ ಹತ್ತಿರವೇ ಇರಬೇಕು ಅನ್ನುವುದು ಇದಕ್ಕೇ. ಮೌಲ್ಯ ಸೇರುವುದು ಅಲ್ಲೇ ಅಲ್ವಾ? 2020ರ ನಂತರ ರೈತ ಉತ್ಪಾದಕ ಸಂಸ್ಥೆಗಳು ಹೆಚ್ಚಿದ ಮೇಲೆ ಕೆಲವು ಕಡೆ ಯಂತ್ರ ಬಂದಿವೆ. ಯಂತ್ರಕ್ಕೆ ಸಬ್ಸಿಡಿ ಸಿಗಬಹುದು. ಸುಗ್ಗಿಯಲ್ಲಿ ಸಾವೆ ಕೊಂಡು ಆರು ತಿಂಗಳು ಇಟ್ಟುಕೊಳ್ಳುವ ದುಡ್ಡಿಗೆ ಮಾತ್ರ ಪರದಾಟ ತಪ್ಪಿಲ್ಲ.

ಈಗ ಮತ್ತೆ ನಿಯಮಗಳು ಬದಲಾಗುತ್ತಿವೆ. 2024ರ ನವೆಂಬರಿನಲ್ಲಿ 2,481 ಕೋಟಿ ರೂಪಾಯಿಯ ನೈಸರ್ಗಿಕ ಕೃಷಿ ಮಿಷನ್‌ಗೆ ಕೇಂದ್ರ ಒಪ್ಪಿತು. 2025ರ ಜನವರಿಯಲ್ಲಿ ಬಂದ ಎನ್‌ಪಿಒಪಿಯ ಹೊಸ ಆವೃತ್ತಿ ಬೆಳೆಗಾರರ ಗುಂಪುಗಳಿಗೆ ಕಾನೂನುಬದ್ಧ ನೋಂದಣಿ ಇರಬೇಕು ಎನ್ನುತ್ತದೆ. ಗುಂಪಿನ ಲೆಕ್ಕಪತ್ರ ಕೇಳುವ ಹಕ್ಕು ಸದಸ್ಯರಿಗೆ ಗಟ್ಟಿಯಾಗುವುದಾದರೆ ಇದು ಒಳ್ಳೆಯದೇ.

ಸಣ್ಣ ರೈತರಿಗೆ ಇನ್ನೊಂದು ಬಾಗಿಲು ತೆರೆದಿದೆ. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದೆ, ತಿನ್ನುವವರಿಗೇ ನೇರವಾಗಿ ಮಾರುವ ಬೆಳೆಗಾರರಿಗೆ ಆಹಾರ ಸುರಕ್ಷತಾ ನಿಯಮದಲ್ಲಿ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅದೇ ಮಾಲನ್ನು ಅಂಗಡಿಗೆ ಕೊಟ್ಟು ಸಾವಯವ ಎಂದು ಮಾರಿಸಲು ಮಾತ್ರ ಕಾಗದ ಬೇಕು. ಹಾಗಾಗಿ ಈ ಮುಂಗಾರಿಗೆ ಹೊಸದಾಗಿ ಇಳಿಯುವವರು ಬೀಜಕ್ಕಿಂತ ಮೊದಲು ಗಿರಾಕಿ ಯಾರು ಎಂದು ತೀರ್ಮಾನಿಸಿಕೊಳ್ಳಬೇಕು. ದಾವಣಗೆರೆಯ ನಲವತ್ತು ಮನೆಗಳಿಗೆ ಕೊಡುವುದಾದರೆ ಬೇಕಾದ ತಯಾರಿ ಬೇರೆ, ರಫ್ತು ಮಾಡುವವರಿಗೆ ಕೊಡುವುದಾದರೆ ಬೇರೆ.