ಕತ್ತಿವರಸೆ ಕ್ಲಬ್ ಸೇರಬೇಕು, ಆದರೆ ಅಲ್ಲಿ ನಾನು ಸೇಫಾ?

ಪ್ರಶ್ನೆ: ಕೆಲಸದ ಮೇಲೆ ಜರ್ಮನಿಗೆ ಬಂದಿದ್ದೇನೆ. ಇಲ್ಲಿ ಹಳೇ ಯುರೋಪಿನ ಕತ್ತಿವರಸೆ ಕಲಿಸುವ ಕ್ಲಬ್ ಒಂದಿದೆ. ಲಾಂಗ್‌ಸ್ವೋರ್ಡ್, ಅಂದರೆ ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿ, ಅದೂ ಉಕ್ಕಿನದೇ. ಸೇರಲು ತುಂಬಾ ಆಸೆ. ಆದರೆ ನಾನು ಹೆಂಗಸು, ಎತ್ತರ ಐದಡಿ ಒಂದಂಗುಲ. ವಿಡಿಯೋದಲ್ಲಿ ಕಾಣುವವರೆಲ್ಲ ಆರಡಿ ಗಂಡಸರು. ನನ್ನ ಜರ್ಮನ್ ಕೂಡ ಅಷ್ಟಕ್ಕಷ್ಟೇ. ಪೆಟ್ಟಾಗುತ್ತದಾ? ನನ್ನಂಥವರನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ? ಸೇರುವ ಮೊದಲೇ ಇದನ್ನು ತಿಳಿಯುವುದು ಹೇಗೆ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮೈ ಮೇಲೆ ನೀಲಿ ಕಲೆ ಏಳುತ್ತವೆ, ಅದು ಗ್ಯಾರಂಟಿ. ಮುಂಗೈ ನೋಡಿ ಆಫೀಸಿನವರು ಏನಾಯಿತು ಅಂತ ಕೇಳುತ್ತಾರೆ. ಆದರೆ ಮೂಳೆ ಮುರಿಯುತ್ತದಾ ಇಲ್ಲವಾ ಅನ್ನುವುದು ಕತ್ತಿಗಿಂತ ಜಾಸ್ತಿ ಕ್ಲಬ್ಬಿನ ಮೇಲೆ ನಿಂತಿದೆ. ನೀವು ಕೇಳಿದ್ದು ಎರಡು ಪ್ರಶ್ನೆ, ಪೆಟ್ಟಿನದು ಒಂದು, ಸರಿಯಾಗಿ ನೋಡಿಕೊಳ್ಳುವುದು ಇನ್ನೊಂದು. ನನ್ನ ಪ್ರಕಾರ ಎರಡೂ ಒಂದೇ. "ಸ್ವಲ್ಪ ನಿಧಾನ" ಅಂತ ಹೇಳಲು ಯಾರಿಗೆ ಬಾಯಿ ಬರುವುದಿಲ್ಲವೋ ಪೆಟ್ಟು ಬೀಳುವುದು ಅವರಿಗೇ. ಹೊಸಬರು, ಭಾಷೆ ಬಾರದವರು, ಇಡೀ ಹಾಲ್‌ನಲ್ಲಿ ಒಬ್ಬರೇ ಹೆಂಗಸು ಆಗಿರುವವರು, ಇವರೇ ಹಲ್ಲು ಕಚ್ಚಿಕೊಂಡು ಸುಮ್ಮನಿರುವವರು.

ಮೊದಲು ಆ ಕತ್ತಿ ಎಂಥದ್ದು ಅಂತ ಹೇಳುತ್ತೇನೆ. ಅಭ್ಯಾಸಕ್ಕೆ ಬಳಸುವುದು ಫೆಡರ್ ಅನ್ನುವ ಮೊಂಡು ಕತ್ತಿ. ಉದ್ದ ಸುಮಾರು 130 ಸೆಂಟಿಮೀಟರ್, ತೂಕ ಒಂದೂವರೆ ಕಿಲೋ ಆಸುಪಾಸು. ಅಲಗಿಗೆ ಹರಿತವಿಲ್ಲ. ತುದಿಯನ್ನು ಮಡಚಿರುತ್ತಾರೆ ಅಥವಾ ರಬ್ಬರ್ ಹಾಕಿರುತ್ತಾರೆ, ಚುಚ್ಚಿದರೆ ಬಾಗುತ್ತದೆ. ಹಾಗಂತ ಆಟದ ಸಾಮಾನಲ್ಲ. ಎರಡೂ ಕೈಯಲ್ಲಿ ಹಿಡಿದು ಬೀಸಿದ ಅಷ್ಟು ಉಕ್ಕು ಬೆರಳಿಗೆ ತಾಗಿದರೆ, ಬೆರಳಿನ ಇನ್ನೊಂದು ಕಡೆ ಕತ್ತಿಯ ಹಿಡಿಯೇ ಇರುತ್ತದೆ, ಮಧ್ಯದಲ್ಲಿ ಬೆರಳು ಹಿಸುಕಿ ಹೋಗುತ್ತದೆ. ಈ ಆಟದಲ್ಲಿ ಡಾಕ್ಟರ ಹತ್ತಿರ ಹೋಗುವಂಥ ಪೆಟ್ಟು ಅಂದರೆ ಮೊದಲು ನೆನಪಾಗುವುದೇ ಬೆರಳು.

ಮಾಸ್ಕ್ ಹಾಕಿಕೊಳ್ಳುತ್ತಾರೆ, ಕುತ್ತಿಗೆಗೆ ಗಾರ್ಜೆಟ್ ಅನ್ನುವ ಕವಚ, ದಪ್ಪ ಜಾಕೆಟ್, ಮೊಣಕೈ ಮೊಣಕಾಲಿಗೆ ಗಟ್ಟಿ ಕವಚ, ಕೈಗೆ ಆಮೆ ಚಿಪ್ಪಿನಂಥ ಗ್ಲೌಸ್. ಮಾಸ್ಕ್ ಬಂದಿದ್ದು ಒಲಿಂಪಿಕ್ ಫೆನ್ಸಿಂಗಿನಿಂದ. ಅಲ್ಲಿ ನಿಯಮ ಬಿಗಿಯಾಗಲು ಒಂದು ಸಾವು ಕಾರಣ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯ ಅಲಗು ಮುರಿದು, ಆ ತುಂಡು ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್ ಅವರ ಮಾಸ್ಕನ್ನು ತೂರಿಕೊಂಡು ಒಳಗೆ ಹೋಯಿತು. ಎರಡು ವರ್ಷದ ಹಿಂದಷ್ಟೇ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದವರು ಉಳಿಯಲಿಲ್ಲ. ಆಮೇಲೆ ಮಾಸ್ಕ್, ಜಾಕೆಟ್, ಅಲಗಿನ ಉಕ್ಕು ಎಲ್ಲಕ್ಕೂ ಕಟ್ಟುನಿಟ್ಟು ಬಂತು. ಜಾಕೆಟ್ ಮೇಲೆ 350 ನ್ಯೂಟನ್, 800 ನ್ಯೂಟನ್ ಅಂತ ಬರೆದಿರುವುದು ಬಟ್ಟೆ ತೂತಾಗದೆ ಎಷ್ಟು ಚುಚ್ಚು ತಡೆಯುತ್ತದೆ ಅಂತ. ಹೊಡೆತದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಫೆನ್ಸಿಂಗ್ ಮಾಸ್ಕಿಗೆ ತಲೆಯ ಹಿಂದೆ ಏನೂ ಇರುವುದಿಲ್ಲ, ಹಾಗಾಗಿ ಲಾಂಗ್‌ಸ್ವೋರ್ಡಿಗೆ ಹಿಂದಲೆಗೆ ಬೇರೆ ಕವಚ ಕಟ್ಟುತ್ತಾರೆ. ಟ್ರಯಲ್ ಕ್ಲಾಸಿಗೆ ಹೋದಾಗ ಇದನ್ನೊಂದು ನೋಡಿ. ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ಮಾಡುವವರ ಹಿಂದಲೆ ಬರಿದಾಗಿದ್ದರೆ ಆ ಕ್ಲಬ್ ಬೇಡ.

ಇಷ್ಟೆಲ್ಲ ಹಾಕಿಕೊಂಡ ಮೇಲೆ ಇನ್ನೊಂದು ತಾಪತ್ರಯ ಶುರುವಾಗುತ್ತದೆ. ಕವಚ ಜಾಸ್ತಿಯಾದಷ್ಟೂ ಹೊಡೆತ ಜೋರಾಗುತ್ತದೆ. ಇಬ್ಬರು ಅರ್ಧ ಜೋರಿನಲ್ಲಿ ಆಡೋಣ ಅಂತ ಮಾತಾಡಿಕೊಂಡು ಶುರು ಮಾಡುತ್ತಾರೆ. ಒಬ್ಬನ ಹೊಡೆತ ಇನ್ನೊಬ್ಬನ ಮಾಸ್ಕಿಗೆ ಟಣ್ ಅಂತ ಬೀಳುತ್ತದೆ. ಹೊಡೆದವನ ಲೆಕ್ಕದಲ್ಲಿ ಅದು ಅರ್ಧವೇ. ತಿಂದವನಿಗೆ ಮುಕ್ಕಾಲು ಅನ್ನಿಸಿರುತ್ತದೆ, ಕಿವಿ ಗುಂಯ್ ಅನ್ನುತ್ತಿರುತ್ತದೆ, ಅವನೂ ಮುಂದಿನ ಸಲ ಮುಕ್ಕಾಲೇ ಕೊಡುತ್ತಾನೆ, ಅದು ಇವನಿಗೆ ಪೂರ್ತಿ ಅನ್ನಿಸುತ್ತದೆ. ಮೂರು ನಿಮಿಷದೊಳಗೆ ಇಬ್ಬರೂ ಮೈಯೆಲ್ಲ ಬಲ ಹಾಕಿ ಬೀಸುತ್ತಿರುತ್ತಾರೆ. ತಮಾಷೆ ಏನೆಂದರೆ ಯಾರಿಗೂ ಸಿಟ್ಟು ಬಂದಿರುವುದಿಲ್ಲ, ಇಬ್ಬರೂ ಮಾತಿಗೆ ತಪ್ಪಿಲ್ಲ ಅಂತಲೇ ಅಂದುಕೊಂಡಿರುತ್ತಾರೆ. ಬದಿಯಲ್ಲಿ ನಿಂತ ಟ್ರೈನರ್ ಆಗ ಏನು ಮಾಡುತ್ತಾರೆ? ಒಳ್ಳೆಯವರಾದರೆ "ಹಾಲ್ಟ್" ಅಂತ ಕೂಗಿ ನಿಲ್ಲಿಸುತ್ತಾರೆ, ಹತ್ತು ಸೆಕೆಂಡು ಉಸಿರಾಡಿ, ಮತ್ತೆ ಅರ್ಧಕ್ಕೆ ಇಳಿಯಿರಿ ಅನ್ನುತ್ತಾರೆ. ಅಲ್ಲಿ ಬೈಗುಳ ಇಲ್ಲ, ಭಾಷಣವೂ ಇಲ್ಲ. ಇನ್ನು ಕೆಲವು ಕಡೆ ಟ್ರೈನರ್ ಖುಷಿಯಿಂದ ನೋಡುತ್ತಾ ನಿಂತಿರುತ್ತಾರೆ, ಸುತ್ತಲಿನವರು ಮೊಬೈಲ್ ಎತ್ತಿಕೊಂಡಿರುತ್ತಾರೆ.

"ಹಾಲ್ಟ್" ಅನ್ನುವುದು ನೀವು ಮೊದಲು ಕಲಿಯಬೇಕಾದ ಜರ್ಮನ್ ಪದ. ಅದನ್ನು ಕೂಗುವ ಹಕ್ಕು ಟ್ರೈನರ್‌ಗೆ ಮಾತ್ರ ಅಲ್ಲ, ಹಾಲ್‌ನಲ್ಲಿರುವ ಎಲ್ಲರಿಗೂ ಇರಬೇಕು, ಮೊದಲ ದಿನ ಬಂದವರಿಗೂ. ಕೂಗಿದ ಕೂಡಲೇ ಕತ್ತಿ ಕೆಳಗಾಗಬೇಕು. ಯಾಕೆ ಕೂಗಿದೆ ಅನ್ನುವ ವಿಚಾರಣೆ ಆಮೇಲೆ. ಹಾಗೆಯೇ ಜೋರು ಎಷ್ಟಿರಬೇಕು ಅಂತ ಹೇಳುವುದು ಇಬ್ಬರಲ್ಲಿ ಹೊಸಬರು ಅಥವಾ ಚಿಕ್ಕ ಮೈಯವರು. ದೊಡ್ಡವರು ಅದಕ್ಕೆ ಹೊಂದಿಕೊಳ್ಳಬೇಕು. ಮಾಸ್ಕ್ ತೆಗೆದವರ ಕಡೆಗೆ ಕತ್ತಿ ಎತ್ತುವ ಹಾಗಿಲ್ಲ, ತಮಾಷೆಗೂ ಇಲ್ಲ. ತಲೆಗೆ ಜೋರು ಪೆಟ್ಟು ಬಿದ್ದು ತಲೆ ಸುತ್ತಿದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು, "ನನಗೇನೂ ಆಗಿಲ್ಲ" ಅಂದರೂ ಕೂರಿಸಬೇಕು, ಯಾಕೆಂದರೆ ಮಿದುಳಿಗೆ ಪೆಟ್ಟಾದವರೂ ಹಾಗೇ ಹೇಳುತ್ತಾರೆ.

ಇದೆಲ್ಲ ಕೇಳಿ ಯಾರಾದರೂ ಮೂಗು ಮುರಿಯುತ್ತಾರೆ. ಹಳೇ ಕಾಲದ ನಿಜವಾದ ಯುದ್ಧಕಲೆ ಇದು, ಹೀಗೆ ಮೆತ್ತಗೆ ಮಾಡಿದರೆ ಏನು ಬಂತು ಅಂತ. ಅವರಿಗೆ ಯೋಆಖಿಮ್ ಮೈಯರ್ ಹೆಸರು ಹೇಳಿ. ಮೈಯರ್ 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕತ್ತಿವರಸೆಯ ದೊಡ್ಡ ಪುಸ್ತಕ ಅಚ್ಚು ಹಾಕಿಸಿದವರು. ಜರ್ಮನರು ತಮ್ಮತಮ್ಮಲ್ಲಿ ಆಡುವಾಗ ಚುಚ್ಚುವುದನ್ನು ಬಿಟ್ಟಿದ್ದಾರೆ, ಅದು ಶತ್ರುವಿಗೆ ಮೀಸಲು ಅಂತ ಅವರೇ ಬರೆದಿದ್ದಾರೆ. ಜೊತೆಗಾರ ನಾಳೆಯೂ ಅಭ್ಯಾಸಕ್ಕೆ ಬರಲಿ ಅಂತ ನಿಯಮ ಮಾಡಿಕೊಳ್ಳುವುದು ಕತ್ತಿಯಷ್ಟೇ ಹಳೆಯದು.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಹೊಸದಾಗಿ ಸೇರಿದಾಗ ಯಾರಾದರೂ ಹಳಬರು ಪಕ್ಕಕ್ಕೆ ಕರೆದು, ಪಾಪ ಒಳ್ಳೇ ಮನಸ್ಸಿನಿಂದಲೇ, "ಅವನ ಜೊತೆ ಆಡುವಾಗ ಸ್ವಲ್ಪ ಹುಷಾರು, ಅವನು ಹಾಗೇ" ಅಂತ ಪಿಸುಗುಟ್ಟಬಹುದು. ಅವನು ಜೋರಾಗಿ ಹೊಡೆಯುವವನೇ ಇರಬಹುದು, ಹುಡುಗಿಯರ ಜೊತೆ ಕುಸ್ತಿ ಪಟ್ಟು ಅಭ್ಯಾಸ ಮಾಡುವಾಗ ಕೈ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಡುವವನೇ ಇರಬಹುದು. ಆ ಪಿಸುಮಾತಿನಲ್ಲಿ ಒಂದು ವಿಷಯ ಖಚಿತವಾಗುತ್ತದೆ: ಎಲ್ಲರಿಗೂ ಗೊತ್ತಿದೆ, ಯಾರೂ ಏನೂ ಮಾಡಿಲ್ಲ. ಅವನನ್ನು ತಿದ್ದುವ ಕೆಲಸ ಬಿಟ್ಟು ಹುಷಾರಾಗಿರುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿದ್ದಾರೆ. ಸಾಮಾನ್ಯವಾಗಿ ಇಂಥವರು ಕ್ಲಬ್ಬಿನ ಒಳ್ಳೇ ಆಟಗಾರರೂ ಆಗಿರುತ್ತಾರೆ, ಪಂದ್ಯದಲ್ಲಿ ಪದಕ ತರುತ್ತಾರೆ, ಅದಕ್ಕೇ ಯಾರಿಗೂ ಬಾಯಿ ಬರುವುದಿಲ್ಲ. ಆಮೇಲೆ ಅದೇ ಕ್ಲಬ್ಬಿನವರು ಕೂತು, ಹೆಂಗಸರು ಯಾಕೆ ನಮ್ಮಲ್ಲಿ ಉಳಿಯುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಮೈ ಮುಟ್ಟುವ ವಿಷಯವನ್ನೂ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲಿ ಮುಟ್ಟುವುದು ಇದ್ದೇ ಇದೆ. ಕತ್ತಿಗೆ ಕತ್ತಿ ಸಿಕ್ಕಿಕೊಂಡಾಗ ಮುಂದೆ ನುಗ್ಗಿ ಎದುರಾಳಿಯ ತೋಳು ಹಿಡಿದು ತಿರುಚುವುದು, ಕಾಲಿಗೆ ಕಾಲು ಅಡ್ಡ ಕೊಟ್ಟು ಬೀಳಿಸುವುದು, ಇವೆಲ್ಲ ಹಳೇ ಹಸ್ತಪ್ರತಿಗಳಲ್ಲಿ ಚಿತ್ರ ಸಮೇತ ಇರುವ ಪಟ್ಟುಗಳು. ಒಳ್ಳೆ ಟ್ರೈನರ್ ನಿಮ್ಮ ನಿಲುವು ತಿದ್ದುವ ಮೊದಲು "ಮೊಣಕೈ ಹಿಡಿದು ತೋರಿಸಲಾ?" ಅಂತ ಕೇಳುತ್ತಾರೆ. ಎರಡೇ ಸೆಕೆಂಡಿನ ಮಾತು. ಜೊತೆಗಾರ ಬೇಡ ಅನ್ನಿಸಿದರೆ ಕಾರಣ ಹೇಳದೆ ಬದಲಾಯಿಸಬಹುದು ಅನ್ನುವ ನಿಯಮ ಇರುವ ಕ್ಲಬ್ ಸಿಕ್ಕಿದರೆ ಬಿಡಬೇಡಿ. "ಬೇಡ" ಅಂದಾಗ ಮುಖ ಊದಿಸಿಕೊಳ್ಳದೆ "ಸರಿ" ಅಂದು ಹೋಗುವ ಗಂಡಸರು ಅಲ್ಲಿ ಇದ್ದಾರೆ ಅಂತ ಅರ್ಥ.

ಇನ್ನು ಹೊರಗಿನವರು ಅನ್ನುವ ವಿಷಯ. ನಮ್ಮವರಿಗೆ ಜಾಸ್ತಿ ಕೇಳಿಬರುವುದು ಪೆದ್ದು ಪ್ರಶ್ನೆಗಳು. ನೀವು ಯಾಕೆ ನಿಮ್ಮ ದೇಶದ ಕತ್ತಿ ಕಲಿಯುವುದಿಲ್ಲ, ಹೀಗೆ. ಅವು ಬಹಳ ಸಲ ಕುತೂಹಲವಷ್ಟೇ, ನಗುತ್ತಾ ಉತ್ತರ ಕೊಟ್ಟರೆ ಮುಗಿಯಿತು. ಆದರೆ ಇದರ ಹಿಂದೆ ಇನ್ನೊಂದು ಕಡೆಯೂ ಇದೆ. ಯುರೋಪಿನ ಮಧ್ಯಯುಗ ಅಂದರೆ ಬರೀ ಬಿಳಿಯರ ಲೋಕ ಅಂತ ಕಲ್ಪಿಸಿಕೊಂಡು ಅದನ್ನು ತಮ್ಮ ರಾಜಕೀಯಕ್ಕೆ ಎಳೆದುಕೊಳ್ಳುವವರು ಇದ್ದಾರೆ. 2017ರಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರೇ ಮೇಲು ಅನ್ನುವವರು ಮಧ್ಯಯುಗದ ಗುರುತುಗಳಿದ್ದ ಗುರಾಣಿ ಹಿಡಿದು ಮೆರವಣಿಗೆ ಮಾಡಿದ್ದರು. ಕತ್ತಿ ಕ್ಲಬ್ಬುಗಳ ಕಡೆಗೂ ಅಂಥವರು ಸುಳಿಯುತ್ತಾರೆ. ಹಾಗಾಗಿ ಎಲ್ಲರಿಗೂ ಸ್ವಾಗತ ಅಂತ ಬರೆದರೆ ಸಾಲದು, ಇಂಥ ಚಿಹ್ನೆ ಹಾಕಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ ಅಂತಲೂ ಕ್ಲಬ್ ಬರೆದಿಟ್ಟಿರಬೇಕು.

ಮಧ್ಯಯುಗ ಬಿಳಿಯರದ್ದೇ, ಗಂಡಸರದ್ದೇ ಅನ್ನುವವರ ಪರ ಇತಿಹಾಸವೂ ಇಲ್ಲ. ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿರುವ ಐ.33 ಅನ್ನುವ ಹಸ್ತಪ್ರತಿ ಸುಮಾರು 700 ವರ್ಷ ಹಳೆಯದು, ನಮಗೆ ಸಿಕ್ಕಿರುವ ಯುರೋಪಿನ ಕತ್ತಿವರಸೆ ಪುಸ್ತಕಗಳಲ್ಲಿ ಅದೇ ಎಲ್ಲಕ್ಕಿಂತ ಹಿಂದಿನದು. ಅದರ ಕೊನೆಯ ಪುಟಗಳಲ್ಲಿ ಪಾದ್ರಿಯ ಎದುರು ಕತ್ತಿ, ಸಣ್ಣ ಗುರಾಣಿ ಹಿಡಿದು ನಿಂತಿರುವುದು ವಾಲ್ಪುರ್ಗಿಸ್ ಅನ್ನುವ ಹೆಂಗಸು. 15ನೇ ಶತಮಾನದ ಜರ್ಮನ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಕುಸ್ತಿ ಪಾಠಗಳು ಓಟ್ ಅನ್ನುವ ಗುರುವಿನವು. ಓಟ್ ಹುಟ್ಟಿನಿಂದ ಯಹೂದಿ. ಜರ್ಮನಿಯ ಮಾಗ್ಡೆಬರ್ಗ್ ಕೆಥೆಡ್ರಲ್‌ನಲ್ಲಿ ಸಂತ ಮಾರಿಸ್‌ನ 13ನೇ ಶತಮಾನದ ಪ್ರತಿಮೆ ಇದೆ. ಸರಪಳಿ ಕವಚ ತೊಟ್ಟ ಆಫ್ರಿಕನ್ ಯೋಧ, ಮುಖ ನೋಡಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಲಾಂಗ್‌ಸ್ವೋರ್ಡ್ ಕಲಿಯುವವರೆಲ್ಲ ಕೇಳುವ ಲೀಖ್ಟೆನೌವರ್ ಅನ್ನುವ ಹಳೇ ಜರ್ಮನ್ ಕತ್ತಿ ಗುರುವಿನ ಪದ್ಯ ಶುರುವಾಗುವುದೇ ದೇವರನ್ನು ಪ್ರೀತಿಸು, ಹೆಂಗಸರನ್ನು ಗೌರವಿಸು ಅಂತ ಯುವ ಯೋಧನಿಗೆ ಹೇಳುವುದರಿಂದ. ಪದ್ಯ ಬಾಯಿಪಾಠ ಮಾಡಿದವರೆಲ್ಲ ಹಾಗೇ ನಡೆದುಕೊಳ್ಳುತ್ತಾರೆ ಅಂತಲ್ಲ, ಅದು ಬೇರೆ ಮಾತು. ನಮ್ಮ ಗರಡಿ ಮನೆಗಳಿಗೂ ಹೆಂಗಸರನ್ನು ಬಹಳ ಕಾಲ ಬಿಟ್ಟುಕೊಳ್ಳಲಿಲ್ಲ, ಹಾಗಾಗಿ ಈ ವಿಷಯದಲ್ಲಿ ನಾವೂ ಮೇಲೆ ನಿಂತು ಮಾತಾಡುವ ಹಾಗಿಲ್ಲ.

ಟ್ರಯಲ್ ದಿನ ಒಂದು ಪ್ರಶ್ನೆ ಕೇಳಿ: "ಹಿಂದೆ ಯಾರಾದರೂ ನಿಯಮ ಮುರಿದಾಗ ನೀವು ಏನು ಮಾಡಿದಿರಿ?" ಹೆಸರು ಬೇಡ. ಕೂರಿಸಿ ಮಾತಾಡಿದೆವು, ಒಂದು ತಿಂಗಳು ಸ್ಪಾರಿಂಗ್ ಬಿಡಿಸಿದೆವು, ಒಬ್ಬರನ್ನು ಕಳಿಸಿಯೇಬಿಟ್ಟೆವು ಅಂತ ಸಲೀಸಾಗಿ ಹೇಳಿದರೆ ಅವರು ಈ ಕೆಲಸ ಮಾಡಿದ್ದಾರೆ ಅಂತಾಯಿತು. "ನಮ್ಮಲ್ಲಿ ಅಂಥದ್ದೆಲ್ಲ ಆಗುವುದೇ ಇಲ್ಲ, ನಾವೆಲ್ಲ ಒಂದೇ ಕುಟುಂಬ" ಅಂದರೆ ನನಗಂತೂ ಅನುಮಾನ ಬರುತ್ತದೆ. ದೂರು ಯಾರಿಗೆ ಕೊಡಬೇಕು ಅಂತಲೂ ಕೇಳಿ. ಮುಖ್ಯ ಟ್ರೈನರ್ ಒಬ್ಬರೇ ಅಂದರೆ, ದೂರು ಅವರ ಮೇಲೆಯೇ ಇದ್ದಾಗ ಎಲ್ಲಿಗೆ ಹೋಗುವುದು? ಕನಿಷ್ಠ ಇಬ್ಬರು ಇರಬೇಕು, ಅವರಲ್ಲಿ ಒಬ್ಬರಾದರೂ ಕಲಿಸುವವರಲ್ಲದವರು ಆಗಿರಬೇಕು. ಜರ್ಮನಿಯಲ್ಲಿ ಇಂಥ ಕ್ಲಬ್ಬುಗಳು ಬಹಳಷ್ಟು ನೋಂದಾಯಿತ ಸಂಘಗಳು, ಅಂದರೆ ಫೆರೈನ್. ಸದಸ್ಯರ ಸಭೆ ನಡೆಯುತ್ತದೆ, ಕಮಿಟಿಯನ್ನು ಸದಸ್ಯರೇ ಆರಿಸುತ್ತಾರೆ, ಸೇರಿದ ಮೇಲೆ ನಿಮಗೂ ಓಟು ಇರುತ್ತದೆ. ಮಕ್ಕಳಿಗೂ ಕಲಿಸುತ್ತಿದ್ದರೆ ಟ್ರೈನರ್‌ಗಳ ಹತ್ತಿರ ಪೊಲೀಸ್ ದಾಖಲೆಯ ಸರ್ಟಿಫಿಕೇಟ್ ತರಿಸಿಕೊಂಡಿದ್ದಾರಾ ಅಂತ ಕೇಳುವುದು ಇಲ್ಲಿ ಅವಮಾನವೇನಲ್ಲ, ಮಾಮೂಲಿ.

ಕೊನೆಗೆ ನಿಮ್ಮ ಐದಡಿ ಒಂದಂಗುಲದ ಬಗ್ಗೆ. ಎತ್ತರ ಅಡ್ಡಿಯಲ್ಲ. ಅಡ್ಡಿ ಗ್ಲೌಸ್ ಸೈಜು. ಎಲ್ಲ ಸಾಮಾನು ನೀವೇ ಕೊಂಡರೆ ಸಾವಿರ ಯೂರೋ ಹತ್ತಿರ ಹೋಗುತ್ತದೆ, ಹಾಗಾಗಿ ಮೊದಮೊದಲು ಕ್ಲಬ್ಬಿನದನ್ನೇ ಹಾಕಿಕೊಳ್ಳುತ್ತೀರಿ. ಅಲ್ಲಿ ಇರುವುದೆಲ್ಲ ದೊಡ್ಡ ಸೈಜಾದರೆ ನಿಮ್ಮ ಬೆರಳು ಒಳಗೆ ತೇಲುತ್ತದೆ, ಹಿಡಿ ಸರಿಯಾಗಿ ಸಿಗುವುದಿಲ್ಲ, ಕತ್ತಿ ನಿಮ್ಮ ಮಾತು ಕೇಳುವುದಿಲ್ಲ, ಪೆಟ್ಟು ನಿಮಗೂ ಆಗಬಹುದು ಎದುರಿನವರಿಗೂ ಆಗಬಹುದು. ಆದ್ದರಿಂದ ಹೋಗುವ ಮೊದಲೇ ಮೇಲ್ ಹಾಕಿ, ಸಣ್ಣ ಸೈಜಿನ ಗ್ಲೌಸ್, ಮಾಸ್ಕ್, ಹೆಂಗಸರಿಗೆ ಎದೆಕವಚ ಇದೆಯಾ ಅಂತ ಕೇಳಿಬಿಡಿ. ಇದೆ ಅಂದರೆ ನಿಮ್ಮಂಥವರು ಬರುತ್ತಾರೆ ಅಂತ ಅವರು ಮೊದಲೇ ಯೋಚಿಸಿದ್ದಾರೆ. ಇಲ್ಲ, ಆದರೆ ತರಿಸುತ್ತೇವೆ ಅಂದರೂ ಪರವಾಗಿಲ್ಲ.

ಬಳೆ, ಉಂಗುರ ಮನೆಯಲ್ಲೇ ಬಿಟ್ಟು ಹೋಗಿ. ಸರ ಹಾಕಿಕೊಂಡಿದ್ದರೆ ಗಾರ್ಜೆಟ್ ಅದನ್ನು ಮೂಳೆಗೆ ಒತ್ತುತ್ತದೆ, ತೆಗೆಯಲು ಮನಸ್ಸಿಲ್ಲದಿದ್ದರೆ ಬಟ್ಟೆಗೆ ಪಿನ್ ಮಾಡಿ ಕೆಳಗೆ ಇಳಿಸಿಕೊಳ್ಳಿ. ಜಡೆಯನ್ನು ಮೇಲೆ ಗಂಟು ಕಟ್ಟಬೇಡಿ, ಮಾಸ್ಕ್ ಕೂರುವುದಿಲ್ಲ. ಕುತ್ತಿಗೆ ಹತ್ತಿರ ಕಟ್ಟಿ ಜಾಕೆಟ್ ಒಳಗೆ ಬಿಡಿ. ಹಾಲ್ ಒಳಗೆ ಹಾಕಲು ಬೇರೆ ಶೂ ಬೇಕು, ಹೊರಗಿನ ಶೂ ಹಾಕಿಕೊಂಡರೆ ನೆಲದ ಮೇಲೆ ಕಾಲಿಡಲು ಬಿಡುವುದಿಲ್ಲ.