ಮೊಣಕೈಗೆ ಬೆಲೆ ಕಟ್ಟುವುದು ಹೇಗೆ?

2019ರ ಡಿಸೆಂಬರ್. ಅಮೆರಿಕದ ಬೇಸ್‌ಬಾಲ್ ಸೀಸನ್ ಮುಗಿದಿತ್ತು. ಮೇಜರ್ ಲೀಗ್ ತಂಡಗಳ ಜನರಲ್ ಮ್ಯಾನೇಜರ್‌ಗಳು, ಆಟಗಾರರ ಏಜೆಂಟರು ಎಲ್ಲ ಸ್ಯಾನ್ ಡಿಯಾಗೊದಲ್ಲಿ ಸೇರಿದ್ದರು. ಆ ಚಳಿಗಾಲದಲ್ಲಿ ಐದು ಮಂದಿ ಪಿಚರ್‌ಗಳಿಗೆ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರಿಗೆ, ಭಾರಿ ದುಡ್ಡು ಸಿಕ್ಕಿತು. ಗೆರಿಟ್ ಕೋಲ್ ಅವರಿಗೆ ನ್ಯೂಯಾರ್ಕ್ ಯಾಂಕೀಸ್ 9 ವರ್ಷಕ್ಕೆ 32.4 ಕೋಟಿ ಡಾಲರ್ ಕೊಟ್ಟಿತು. ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರಿಗೆ ವಾಷಿಂಗ್ಟನ್ ನ್ಯಾಷನಲ್ಸ್ 7 ವರ್ಷಕ್ಕೆ 24.5 ಕೋಟಿ. ಜ್ಯಾಕ್ ವೀಲರ್ ಅವರಿಗೆ ಫಿಲಡೆಲ್ಫಿಯಾ ಫಿಲ್ಲೀಸ್ 5 ವರ್ಷಕ್ಕೆ 11.8 ಕೋಟಿ. ಮ್ಯಾಡಿಸನ್ ಬಮ್‌ಗಾರ್ನರ್ 5 ವರ್ಷಕ್ಕೆ 8.5 ಕೋಟಿಗೆ ಅರಿಜೋನಾ ಸೇರಿದರು, ಹ್ಯುನ್-ಜಿನ್ ರ್ಯೂ 4 ವರ್ಷಕ್ಕೆ 8 ಕೋಟಿಗೆ ಟೊರಾಂಟೊ ಸೇರಿದರು.

ಸಹಿ ಹಾಕುವ ದಿನ ಯಾರ ಕೈ ನೋಡಿ ಭಯ ಆಗಬೇಕಿತ್ತು? ಖಂಡಿತ ವೀಲರ್ ಅವರದ್ದು. ಮೊಣಕೈ ಆಪರೇಷನ್ ಆಗಿ ಅವರು 2015 ಮತ್ತು 2016 ಎರಡೂ ವರ್ಷ ಪೂರ್ತಿ ಆಡಿರಲಿಲ್ಲ. ರ್ಯೂ ಅವರಿಗೆ ಭುಜದ ಆಪರೇಷನ್ ಆಗಿತ್ತು. ಸ್ಟ್ರಾಸ್‌ಬರ್ಗ್ ಅವರಿಗೂ 2010ರಲ್ಲಿ ಮೊಣಕೈ ಹೋಗಿತ್ತು, ನಿಜ. ಆದರೆ 2019ರಲ್ಲಿ ಅವರು 209 ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಎದುರಾಳಿಯ ಮೂವರು ಔಟಾದರೆ ಪಿಚರ್‌ಗೆ ಒಂದು ಇನಿಂಗ್ಸ್ ಲೆಕ್ಕ) ಎಸೆದು, ಲೀಗ್‌ನ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದರು. ಅದಕ್ಕಿಂತ ಗಟ್ಟಿ ಸಾಕ್ಷಿ ಯಾರು ತಾನೇ ಕೇಳುತ್ತಾರೆ?

ಆಮೇಲೆ ಆದದ್ದು ಇದು. ಆ ಏಳು ವರ್ಷದ ಒಪ್ಪಂದದಲ್ಲಿ ಸ್ಟ್ರಾಸ್‌ಬರ್ಗ್ ಆಡಿದ್ದು ಬರೀ 8 ಪಂದ್ಯ, ಗೆದ್ದಿದ್ದು ಒಂದು. ವೀಲರ್ 2021ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಇನಿಂಗ್ಸ್ ಎಸೆದರು, ಮುಂದೆಯೂ ವರ್ಷ ವರ್ಷ ತಂಡವನ್ನು ಹೊತ್ತುಕೊಂಡು ನಡೆದರು. ಕೋಲ್ 2023ರಲ್ಲಿ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು, 2025ರ ಮಾರ್ಚ್‌ನಲ್ಲಿ ಮೊಣಕೈ ಆಪರೇಷನ್‌ಗೆ ಮಲಗಿದರು. ರ್ಯೂ ಮೊದಲ ವರ್ಷ ಅದ್ಭುತವಾಗಿ ಎಸೆದರು, 2022ರಲ್ಲಿ ಅವರ ಮೊಣಕೈಯೂ ಕೈಕೊಟ್ಟಿತು. ಬಮ್‌ಗಾರ್ನರ್ ಅವರನ್ನು ಒಪ್ಪಂದ ಮುಗಿಯುವ ಮೊದಲೇ ತಂಡ ಬಿಟ್ಟುಬಿಟ್ಟಿತು.

ಮೇಜರ್ ಲೀಗ್ ಒಪ್ಪಂದದಲ್ಲಿ ಒಂದು ವಿಷಯ ಗೊತ್ತಿರಬೇಕು. ಸಹಿ ಬಿದ್ದ ಮೇಲೆ ಆ ದುಡ್ಡು ಖಾತ್ರಿ. ಆಟಗಾರ ಎಸೆಯಲಿ, ಆಸ್ಪತ್ರೆಯಲ್ಲಿರಲಿ, ತಂಡ ಕೊಡಲೇಬೇಕು. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ತಂಡಗಳು ತಲೆ ಕೆಡಿಸಿಕೊಳ್ಳುವುದು ಒಂದೇ ಪ್ರಶ್ನೆಗೆ: ಈ ಕೈ ಎಷ್ಟು ದಿನ ಬಾಳುತ್ತದೆ?

ಕೈ ಯಾಕೆ ಹೋಗುತ್ತದೆ ಅಂತ ಮೊದಲು ನೋಡೋಣ. ಕ್ರಿಕೆಟ್ ಬೌಲರ್ ಮಡಿಸಿದ ಮೊಣಕೈಯನ್ನು ಚಾಚುತ್ತಾ ಎಸೆಯುವ ಹಾಗಿಲ್ಲ. ಚೆಂಡು ಬಿಡುವಾಗ ಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅದು ನಿಯಮಕ್ಕೆ ವಿರುದ್ಧ. ಅದಕ್ಕೇ ವೇಗದ ಬೌಲರ್‌ಗಳ ಕಷ್ಟ ಹೆಚ್ಚಾಗಿ ಸೊಂಟದಲ್ಲಿ. ನಮ್ಮ ಪ್ರಸಿದ್ಧ್ ಕೃಷ್ಣ ಬೆನ್ನುಮೂಳೆ ಬಿರುಕಿನಿಂದ 2023ರ ಐಪಿಎಲ್ ಪೂರ್ತಿ ಕಳೆದುಕೊಂಡದ್ದು ನೆನಪಿರಬಹುದು. ಪಿಚರ್‌ಗೆ ಆ ನಿಯಮ ಇಲ್ಲ. ಮೊಣಕೈ ಮಡಿಸಿ, ಮುಂಗೈಯನ್ನು ಹಿಂದಕ್ಕೆ ಬಾಗಿಸಿ, ಚಾಟಿ ಬೀಸಿದಂತೆ ಎಸೆಯುತ್ತಾನೆ. ಆ ಕ್ಷಣ ಭುಜ ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ 7,000 ಡಿಗ್ರಿ ದಾಟುತ್ತದೆ.

ಇದರ ಭಾರವೆಲ್ಲ ಬೀಳುವುದು ಮೊಣಕೈಯ ಒಳಬದಿಗೆ. ಅಲ್ಲಿ ಮೇಲ್ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಕಟ್ಟಿ ಹಿಡಿದಿರುವ ಒಂದು ಚಿಕ್ಕ ಪಟ್ಟಿ ಇದೆ. ಅಲ್ನರ್ ಲಿಗಮೆಂಟ್ ಅಂತ ಅದರ ಹೆಸರು. 1990ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಅಳೆದಾಗ ಒಂದು ವೇಗದ ಎಸೆತಕ್ಕೆ ಮೊಣಕೈ ಮೇಲೆ ಬೀಳುವ ತಿರುಚುಬಲ ಸುಮಾರು 64 ನ್ಯೂಟನ್-ಮೀಟರ್ ಅಂತ ಕಂಡುಬಂತು. ಮೊಣಕೈಯಿಂದ ಕಾಲು ಮೀಟರ್ ದೂರದಲ್ಲಿ, ಮುಂಗೈಗೆ 26 ಕೆಜಿಯ ಅಕ್ಕಿ ಮೂಟೆ ನೇತುಹಾಕಿದರೆ ಎಷ್ಟು ಎಳೆಯುತ್ತದೋ ಅಷ್ಟು. ಆದರೆ ಶವಗಳ ಮೊಣಕೈ ತೆಗೆದುಕೊಂಡು ಲಿಗಮೆಂಟ್ ಒಂದನ್ನೇ ಪರೀಕ್ಷಿಸಿದಾಗ ಅದು ಹೆಚ್ಚುಕಡಿಮೆ ಇದರ ಅರ್ಧಕ್ಕೇ ಹರಿದುಹೋಯಿತು. ಹಾಗಾದರೆ ಮೊದಲ ಎಸೆತಕ್ಕೇ ಯಾಕೆ ಹರಿಯುವುದಿಲ್ಲ? ಸುತ್ತಲಿನ ಸ್ನಾಯುಗಳು ಬಿಗಿಯಾಗಿ ಭಾರ ಹಂಚಿಕೊಳ್ಳುತ್ತವೆ. ಸ್ನಾಯು ದಣಿದಾಗ ಆ ಪಾಲು ಲಿಗಮೆಂಟ್ ಮೇಲೆ ಬೀಳುತ್ತದೆ. ಪಂದ್ಯಕ್ಕೆ ತೊಂಬತ್ತರ ಆಸುಪಾಸು ಎಸೆತ, ಐದಾರು ದಿನಕ್ಕೊಮ್ಮೆ ಪಂದ್ಯ, ವರ್ಷಕ್ಕೆ ಮೂವತ್ತು ಪಂದ್ಯ. ಲಿಗಮೆಂಟ್‌ಗೆ ರಕ್ತ ಪೂರೈಕೆ ಕಡಿಮೆ, ಸವೆದದ್ದು ನಿಧಾನಕ್ಕೆ ಸರಿಹೋಗುತ್ತದೆ. ಸರಿಹೋಗುವಷ್ಟರಲ್ಲಿ ಮುಂದಿನ ಪಂದ್ಯ ಬಂದಿರುತ್ತದೆ.

1974ರವರೆಗೆ ಇದು ಹರಿದರೆ ಆಟ ಮುಗೀತು ಅಂತಲೇ ಅರ್ಥ. ಆ ವರ್ಷ ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಅವರು ಲಾಸ್ ಏಂಜಲೀಸ್ ಡಾಜರ್ಸ್‌ನ ಟಾಮಿ ಜಾನ್ ಅವರ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು, ಮೊಣಕೈಯಲ್ಲಿ ಲಿಗಮೆಂಟ್ ಇದ್ದ ಜಾಗಕ್ಕೆ ಹೊಲಿದರು. ವಾಪಸ್ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂತ ವೈದ್ಯರೇ ಹೇಳಿದ್ದರು. ಟಾಮಿ ಜಾನ್ 1976ರಲ್ಲಿ ಮೈದಾನಕ್ಕೆ ಬಂದು, 1989ರವರೆಗೆ ಆಡಿ, ಇನ್ನೂ 164 ಪಂದ್ಯ ಗೆದ್ದರು. ಆ ಆಪರೇಷನ್‌ಗೆ ಅವರ ಹೆಸರೇ ನಿಂತಿತು. ಈಗ ಮಾಡಿಸಿಕೊಂಡವರಲ್ಲಿ ಐದರಲ್ಲಿ ನಾಲ್ಕು ಮಂದಿ ವಾಪಸ್ ಬರುತ್ತಾರೆ, ಆದರೆ ಒಂದು ವರ್ಷದಿಂದ ಒಂದೂವರೆ ವರ್ಷ ಹೋಗುತ್ತದೆ.

ಮೊಣಕೈ ಹೋದರೆ ಇಷ್ಟಾದರೂ ಧೈರ್ಯ ಹೇಳಬಹುದು. ಭುಜದ ವಿಷಯ ಹಾಗಲ್ಲ. ಎಲ್ಲ ದಿಕ್ಕಿಗೂ ತಿರುಗುವ ಕೀಲು ಅದು, ಒಂದು ಪಟ್ಟಿ ಬದಲಿಸಿದರೆ ಮುಗಿಯುವುದಿಲ್ಲ. ಸ್ಟ್ರಾಸ್‌ಬರ್ಗ್ ಅವರನ್ನು ಕೆಡವಿದ್ದು ಮೊಣಕೈ ಅಲ್ಲವೇ ಅಲ್ಲ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳು ಕಾಲರ್ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವೆ ಸಿಕ್ಕಿ ನಲುಗಿದವು. ಅದಕ್ಕೆ 2021ರಲ್ಲಿ ಆಪರೇಷನ್ ಆಯಿತು, 2024ರಲ್ಲಿ ಅವರು ನಿವೃತ್ತರಾದರು. ಅವರು ದುಡ್ಡು ತಿಂದು ಕೂತರು ಅಂತ ಹೇಳುವವರಿದ್ದಾರೆ. ಅದು ಅನ್ಯಾಯದ ಮಾತು. 2019ರಲ್ಲಿ ನ್ಯಾಷನಲ್ಸ್‌ಗೆ ಕಪ್ ತಂದುಕೊಟ್ಟದ್ದು ಅದೇ ಕೈ.

ಒಪ್ಪಂದಕ್ಕೆ ಮೊದಲು ವೈದ್ಯಕೀಯ ಪರೀಕ್ಷೆ ಇದ್ದೇ ಇರುತ್ತದಲ್ಲ, ಎಂಆರ್‌ಐ ಮಾಡಿದರೆ ಗೊತ್ತಾಗುವುದಿಲ್ಲವಾ? ಗೊತ್ತಾಗುತ್ತದೆ. ಜಾಸ್ತಿಯೇ ಗೊತ್ತಾಗುತ್ತದೆ. ಹೆಸರಾಂತ ಮೂಳೆ ತಜ್ಞ ಡಾ. ಜೇಮ್ಸ್ ಆಂಡ್ರೂಸ್ ಒಮ್ಮೆ, ಏನೂ ನೋವಿಲ್ಲದ 31 ಮಂದಿ ವೃತ್ತಿಪರ ಪಿಚರ್‌ಗಳ ಭುಜದ ಎಂಆರ್‌ಐ ತೆಗೆಸಿದರು. ಶೇ 90 ಮಂದಿಯ ಮೃದ್ವಸ್ಥಿಯಲ್ಲಿ, ಶೇ 87 ಮಂದಿಯ ಸ್ನಾಯುರಜ್ಜುವಿನಲ್ಲಿ ಏರುಪೇರು ಕಾಣಿಸಿತು. ಎಲ್ಲರೂ ಆರಾಮಾಗಿ ಎಸೆಯುತ್ತಿದ್ದವರೇ. ಚಿತ್ರ ಸುಳ್ಳು ಹೇಳುವುದಿಲ್ಲ, ಆದರೆ ಯಾವ ಸವೆತ ನಾಳೆ ಹರಿಯುತ್ತದೆ, ಯಾವುದು ಹತ್ತು ವರ್ಷ ಹಾಗೇ ಇರುತ್ತದೆ ಅನ್ನುವುದನ್ನು ಅದು ಹೇಳಲಾರದು.

ಆರ್.ಎ. ಡಿಕಿ ಅವರ ಕತೆ ಕೇಳಿ. 1996ರಲ್ಲಿ ಟೆಕ್ಸಸ್ ರೇಂಜರ್ಸ್ ಅವರಿಗೆ 8.1 ಲಕ್ಷ ಡಾಲರ್ ಬೋನಸ್ ಕೊಡಲು ಒಪ್ಪಿತ್ತು. ಅಷ್ಟರಲ್ಲಿ ಒಂದು ಪತ್ರಿಕೆಯ ಮುಖಪುಟದಲ್ಲಿ ಅವರ ಫೋಟೋ ಬಂತು. ಅದರಲ್ಲಿ ಬಲಗೈ ಸ್ವಲ್ಪ ವಿಚಿತ್ರವಾಗಿ ನೇತಾಡುತ್ತಿದ್ದುದು ತಂಡದವರ ಕಣ್ಣಿಗೆ ಬಿತ್ತು. ಪರೀಕ್ಷೆ ಮಾಡಿಸಿದರೆ ಮೊಣಕೈಯಲ್ಲಿ ಆ ಲಿಗಮೆಂಟೇ ಇರಲಿಲ್ಲ! ಬೋನಸ್ 75 ಸಾವಿರಕ್ಕೆ ಇಳಿಯಿತು. ಮುಂದೆ ಡಿಕಿ, ಚೆಂಡು ಹೆಚ್ಚು ತಿರುಗದ, ನಿಧಾನವಾಗಿ ತೇಲಿಕೊಂಡು ಹೋಗುವ ನಕಲ್‌ಬಾಲ್ ಕಲಿತರು. 2012ರಲ್ಲಿ ಸೈ ಯಂಗ್ ಪ್ರಶಸ್ತಿ ಅವರದ್ದಾಯಿತು.

ಇಂಥ ಕತೆಗಳನ್ನು ಕೇಳಿ ಹಳೆಯ ಗಾಯಕ್ಕೆ ಬೆಲೆಯೇ ಇಲ್ಲ ಅಂದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ಯಾರಿಗೆ ಮುಂದೆ ಗಾಯ ಆಗಬಹುದು ಅನ್ನುವುದಕ್ಕೆ ನಮ್ಮ ಹತ್ತಿರ ಇರುವ ಅತ್ಯಂತ ನಂಬಿಕಸ್ಥ ಸುಳಿವು, ಹಿಂದೆ ಆದ ಗಾಯವೇ. ಆದರೆ ಅದು ಗುಂಪಿನ ಬಗ್ಗೆ ಹೇಳುವ ಮಾತು, ಎದುರಿಗೆ ಕೂತಿರುವ ಒಬ್ಬನ ಬಗ್ಗೆ ಅಲ್ಲ. ತಂಡಗಳಿಗೆ ಅನುಕೂಲಕ್ಕೆ ಬರುವುದು ಗುಂಪಿನ ಲೆಕ್ಕ. ಒಬ್ಬ ಪಿಚರ್ ಯಾವುದೇ ವರ್ಷ ದೊಡ್ಡ ಗಾಯ ಮಾಡಿಕೊಳ್ಳುವ ಸಾಧ್ಯತೆ ಶೇ 20 ಅಂತ ಸುಮ್ನೆ ಇಟ್ಟುಕೊಳ್ಳಿ. ಒಂದು ವರ್ಷದ ಮಟ್ಟಿಗೆ ಪರವಾಗಿಲ್ಲ ಅನ್ನಿಸುತ್ತದೆ. ಐದು ವರ್ಷವೂ ಪೂರ್ತಿ ಆಡುವ ಸಾಧ್ಯತೆ ಎಷ್ಟು? 0.8ನ್ನು ಐದು ಸಲ ಗುಣಿಸಿ. 0.33 ಬರುತ್ತದೆ. ಮೂರರಲ್ಲಿ ಒಂದು! ಹಾಗಾಗಿ ಐದು ವರ್ಷಕ್ಕೆ ಸಹಿ ಹಾಕಿಸುವ ತಂಡ, ಒಂದು ವರ್ಷವಾದರೂ ಹೋಗುತ್ತದೆ ಅಂತ ಮೊದಲೇ ಲೆಕ್ಕ ಹಿಡಿದಿರಬೇಕು. ಆ ವರ್ಷ ಬಂದಾಗ ಗಾಬರಿ ಬೀಳಬಾರದು.

ಜೇಕಬ್ ಡಿಗ್ರಾಮ್ ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಡಿಸೆಂಬರ್‌ನಲ್ಲಿ ರೇಂಜರ್ಸ್ ಅವರಿಗೆ 5 ವರ್ಷಕ್ಕೆ 18.5 ಕೋಟಿ ಡಾಲರ್ ಕೊಟ್ಟಿತು. ಹಿಂದಿನ ಎರಡು ವರ್ಷ ಅವರು ಅರ್ಧ ಸೀಸನ್ ಕೂಡ ಆಡಿರಲಿಲ್ಲ. 2023ರಲ್ಲಿ 6 ಪಂದ್ಯ ಆಡಿ ಎರಡನೇ ಸಲ ಮೊಣಕೈ ಆಪರೇಷನ್ ಮಾಡಿಸಿಕೊಂಡರು. ದುಡ್ಡು ನೀರುಪಾಲು ಅಂತ ಎಲ್ಲರೂ ಅಂದರು. ಆದರೆ ಬೇರೆ ಪಿಚರ್‌ಗಳನ್ನೂ ಜೋಡಿಸಿಕೊಂಡಿದ್ದ ರೇಂಜರ್ಸ್, ಅವರಿಲ್ಲದೆಯೇ ಅದೇ ವರ್ಷ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. 2025ರಲ್ಲಿ ಡಿಗ್ರಾಮ್ 30 ಪಂದ್ಯ ಆಡಿದರು, ಅದೂ ಅದ್ಭುತವಾಗಿ.

ಇನ್ನೊಂದು ಸಂಕಟ ಇದೆ. ತಂಡಗಳು ದುಡ್ಡು ಸುರಿಯುವುದು ವೇಗಕ್ಕೆ, ಮೊಣಕೈ ಕೀಳುವುದೂ ಅದೇ ವೇಗ. 2008ರಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ ಗಂಟೆಗೆ ಸುಮಾರು 147 ಕಿ.ಮೀ. ಇತ್ತು. 2024ಕ್ಕೆ ಅದು 151 ದಾಟಿತು. 2024ರ ಡಿಸೆಂಬರ್‌ನಲ್ಲಿ ಲೀಗ್ ತಾನೇ ಹೊರತಂದ ವರದಿ ಪ್ರಕಾರ, ಗಾಯಾಳುಗಳ ಪಟ್ಟಿಗೆ ಪಿಚರ್‌ಗಳು ಸೇರಿದ್ದು 2005ರಲ್ಲಿ 212 ಸಲ, 2024ರಲ್ಲಿ 485 ಸಲ. ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಹಾಕುವ ರೂಢಿಯೇ ಇದಕ್ಕೆ ದೊಡ್ಡ ಕಾರಣ ಅಂತ ವರದಿ ಬೊಟ್ಟು ಮಾಡಿತು. ದೊಡ್ಡವರನ್ನು ನೋಡಿ ಸ್ಕೂಲ್ ಹುಡುಗರೂ ಹಾಗೇ ಎಸೆಯುತ್ತಿದ್ದಾರೆ. ನನಗೆ ಅತಿ ಹೆಚ್ಚು ಬೇಜಾರಾಗುವುದು ಇದಕ್ಕೆ.

ಹಾಗಾದರೆ ಜಾಣ ತಂಡ ಏನು ಮಾಡಬೇಕು? ಯಾವ ಕೈ ಮುರಿಯುತ್ತದೆ ಅಂತ ಊಹಿಸುವುದನ್ನು ಬಿಟ್ಟು, ಮುರಿದರೆ ನಷ್ಟ ಹೇಗೆ ಹಂಚಿಕೊಳ್ಳುವುದು ಅಂತ ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ. 2015ರಲ್ಲಿ ಜಪಾನಿನ ಹಿಸಾಶಿ ಇವಾಕುಮಾ ಅವರ ಜೊತೆ ಡಾಜರ್ಸ್ 3 ವರ್ಷಕ್ಕೆ 4.5 ಕೋಟಿಯ ಮಾತು ಮುಗಿಸಿತ್ತು. ವೈದ್ಯಕೀಯ ಪರೀಕ್ಷೆ ಆದ ಮೇಲೆ ಅದು ಮುರಿದುಬಿತ್ತು. ಅವರ ಹಳೆಯ ತಂಡ ಸಿಯಾಟಲ್ ಮರಿನರ್ಸ್ ಒಂದು ವರ್ಷದ ಖಾತ್ರಿ ಕೊಟ್ಟು, ಮುಂದಿನ ವರ್ಷಗಳನ್ನು ಆಟಕ್ಕೆ ತಕ್ಕಂತೆ ಅಂತ ಇಟ್ಟುಕೊಂಡಿತು. ಇವಾಕುಮಾ 2016ರಲ್ಲಿ 33 ಪಂದ್ಯ ಆಡಿ 199 ಇನಿಂಗ್ಸ್ ಎಸೆದರು. 2017ರಲ್ಲಿ ಬರೀ 6 ಪಂದ್ಯ, ಆಮೇಲೆ ಭುಜದ ಆಪರೇಷನ್. ಮೇಜರ್ ಲೀಗ್‌ಗೆ ಅವರು ಮತ್ತೆ ಬರಲಿಲ್ಲ. ಡಾಜರ್ಸ್ ವೈದ್ಯರ ಅನುಮಾನವೂ ಸರಿಯಾಗಿತ್ತು, ಸಿಯಾಟಲ್‌ನ ಧೈರ್ಯವೂ ಸರಿಯಾಗಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಜಾನ್ ಲ್ಯಾಕಿ ಅವರ ಒಪ್ಪಂದ. 2009ರ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅವರಿಗೆ 5 ವರ್ಷಕ್ಕೆ 8.25 ಕೋಟಿ ಡಾಲರ್ ಕೊಟ್ಟಿತು. ಪರೀಕ್ಷೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂದಿತ್ತು. ತಂಡ ಬಿಟ್ಟು ಓಡಲಿಲ್ಲ, ಬೆಲೆಯನ್ನೂ ಇಳಿಸಲಿಲ್ಲ. ಒಂದು ಷರತ್ತು ಸೇರಿಸಿತು: ಈ ಮೊಣಕೈಯಿಂದ ಬಹಳ ದಿನ ಆಟ ತಪ್ಪಿದರೆ, ಆರನೇ ವರ್ಷ ಲೀಗ್‌ನ ಕನಿಷ್ಠ ಸಂಬಳಕ್ಕೆ ಆಡಿಸಿಕೊಳ್ಳುವ ಹಕ್ಕು ತಂಡಕ್ಕೆ. 2011ರಲ್ಲಿ ಲ್ಯಾಕಿ ಅವರಿಗೆ ಟಾಮಿ ಜಾನ್ ಆಪರೇಷನ್ ಆಯಿತು, 2012 ಪೂರ್ತಿ ಹೋಯಿತು. 2014ರಲ್ಲಿ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟಾಗ ಆ ಷರತ್ತೂ ಜೊತೆಗೆ ಹೋಯಿತು. 2015ರಲ್ಲಿ ಲ್ಯಾಕಿ ಆ ತಂಡಕ್ಕೆ 218 ಇನಿಂಗ್ಸ್ ಎಸೆದುಕೊಟ್ಟರು. ಅವರ ಮೂಲ ಸಂಬಳ ಸುಮಾರು 5 ಲಕ್ಷ ಡಾಲರ್.